ಮೂವತ್ತನೆಯ ದಿನದ ಅಳತೆ

ಬೆಳಗಿನ ಐದೂಕಾಲು ಗಂಟೆ. ಇಳಿಜಾರು ಬೀದಿಯ ನಡುವೆ, ಚಾಪೆಯಷ್ಟು ಅಗಲದ ಡಾಂಬರು ತೇಪೆಯ ಮುಂದೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಕುಕ್ಕರುಗಾಲಿನಲ್ಲಿ ಕುಳಿತು ಅಂಗೈಯಿಂದ ರಸ್ತೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಾರೆ. ಹಾಲಿನವನು ಸೈಕಲ್ ನಿಲ್ಲಿಸುತ್ತಾನೆ. "ಏನಮ್ಮಾ, ಓಲೆ ಕಳ್ಕೊಂಡ್ರಾ?" "ಇಲ್ಲಪ್ಪಾ, ರಸ್ತೆ ಬೆವರಿದೆಯಾ ಅಂತ ನೋಡ್ತಿದೀನಿ" ಎನ್ನುತ್ತಾರೆ ಅವರು. ಹಾಲಿನವನು, ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನನ್ನ ಕಡೆ ತಿರುಗಿ, ಇವರನ್ನು ಸಂಭಾಳಿಸುವ ಪಾಡು ನಿಮ್ಮದೇ ಎಂಬಂತೆ ಕನಿಕರದ ನಗು ನಕ್ಕು ಹೋಗುತ್ತಾನೆ.

ಆಮೇಲೆ ಅವರು ಎದ್ದು ನಿಂತು, ಎರಡು ಮೊಳದ ಕಬ್ಬಿಣದ ಸರಳೊಂದರ ತುದಿಯನ್ನು ತೇಪೆಗೆ ಒತ್ತಿ, ಬಗ್ಗಿ, ಇನ್ನೊಂದು ತುದಿಗೆ ಕಿವಿ ಹಚ್ಚುತ್ತಾರೆ. ಅಡಿಯಲ್ಲಿ ಪೈಪು ಸೋರುತ್ತಿದ್ದರೆ ಸರಳಿನೊಳಗೆ ಸುಯ್ ಎಂಬ ಸದ್ದು ಬರುತ್ತದೆ. ಸದ್ದಿಲ್ಲ. ನೋಟ್‌ಬುಕ್ಕಿನಲ್ಲಿ 'ಒಣ' ಎಂದು ಬರೆಯುತ್ತಾರೆ.

ಇವರು ನೀರು ಸರಬರಾಜು ಕಚೇರಿಯ ಒಂದೇ ಮೇಜಿನ ವಿಭಾಗದಲ್ಲಿರುವ ಒಬ್ಬರೇ ನೌಕರರು. ಸೋರುವ ಪೈಪು ರಿಪೇರಿ ಮಾಡುವ ಒಂಬತ್ತು ತಂಡಗಳಲ್ಲಿ ಯಾರ ಕೆಲಸ ಹೇಗಿದೆ ಎಂದು ಅಳೆಯುವ ಕ್ರಮವನ್ನು ರೂಪಿಸುವುದು ಇವರ ಕೆಲಸ. ತಂಡದವರು ಇಟ್ಟಿರುವ ಹೆಸರು 'ಅಳತೆ ಅತ್ತೆ'. ಬೆನ್ನ ಹಿಂದೆ ಮಾತ್ರವಲ್ಲ, ಮುಖದೆದುರೂ ಅದೇ ಹೆಸರು ನಡೆಯುತ್ತದೆ. "ಅತ್ತೆ ಅಂದ್ರೆ ತಪ್ಪು ಹುಡುಕೋಳು ಅಂತ ಅವರ ಲೆಕ್ಕ. ಹುಡುಕ್ತೀನಿ ಬಿಡಿ. ಹುಡುಕಿದಾಗ ಮೊದಲು ನಂದೇ ಸಿಕ್ತು" ಎಂದು ನಗುತ್ತಾರೆ.

ಆ ತಪ್ಪಿನ ವಿಚಾರಣೆಯೇ ಇವತ್ತು ಹನ್ನೊಂದು ಗಂಟೆಗೆ, ಮುಖ್ಯ ಎಂಜಿನಿಯರ್ ಕೊಠಡಿಯಲ್ಲಿ. ಆರು ವರ್ಷದ ಹಿಂದೆ ಇವರೇ ಮಾಡಿದ ಹಳೆಯ ಪಟ್ಟಿ ಉಳಿಯಬೇಕೋ, ಮೂರು ತಿಂಗಳಿಂದ ಪ್ರಯೋಗದಲ್ಲಿರುವ ಹೊಸ ಪಟ್ಟಿ ಬರಬೇಕೋ ಎಂದು ತೀರ್ಮಾನವಾಗಲಿದೆ. ಹಳೆಯದೇ ಉಳಿದರೆ, ಅದರಲ್ಲಿ ವರ್ಷವಿಡೀ ಒಂಬತ್ತನೆಯ ಸ್ಥಾನದಲ್ಲಿರುವ ತಂಡವನ್ನು ಒಡೆಯುತ್ತಾರೆ. ಇಪ್ಪತ್ತೇಳು ವರ್ಷ ಗುಂಡಿಯಲ್ಲಿ ನಿಂತು ದುಡಿದ ಅದರ ಮೇಸ್ತ್ರಿ ಉಗ್ರಾಣಕ್ಕೆ ಹೋಗಿ ನಟ್ಟು ಬೋಲ್ಟು ಎಣಿಸಬೇಕು. ಆದೇಶ ಟೈಪಾಗಿ ಸಹಿಗೆ ಕಾದಿದೆ. ಆ ಮೇಸ್ತ್ರಿಯ ನಿಧಾನ ಎಷ್ಟು ಪ್ರಸಿದ್ಧವೆಂದರೆ ಇಡೀ ಕಚೇರಿಗೆ ಅವರು 'ಆಮೆ ಮೇಸ್ತ್ರಿ'.

ಎರಡನೆಯ ತೇಪೆಯ ಕಡೆಗೆ ನಡೆಯುತ್ತಾ ಅತ್ತೆ ತಮ್ಮ ಕತೆ ಹೇಳುತ್ತಾರೆ. ಇಪ್ಪತ್ತೆರಡನೆಯ ವಯಸ್ಸಿಗೆ ದೂರು ವಿಭಾಗದಲ್ಲಿ ಫೋನು ಎತ್ತುವ ಕೆಲಸಕ್ಕೆ ಸೇರಿದರು. ಹದಿನಾಲ್ಕು ವರ್ಷ ಊರಿನವರ ಬೈಗುಳವನ್ನೆಲ್ಲ ಕಿವಿಯಲ್ಲೇ ಇಳಿಸಿಕೊಂಡರು. ಆಮೇಲೆ ಅಂಕಿಅಂಶದ ಮೇಜು ಸಿಕ್ಕಿತು. ಆಗಿನ ಸಾಹೇಬರು "ಯಾರು ಚೆನ್ನಾಗಿ ಕೆಲಸ ಮಾಡ್ತಾರೆ ಅಂತ ಒಂದೇ ಹಾಳೇಲಿ ಹೇಳಿ" ಎಂದಾಗ ಇವರು ಎರಡು ಕಾಲಂ ಮಾಡಿದರು: ಎಷ್ಟು ದೂರು ಮುಗಿಸಿದರು, ಎಷ್ಟು ಗಂಟೆಯಲ್ಲಿ ಮುಗಿಸಿದರು. ಸಾಹೇಬರು ಹೊಗಳಿದ್ದೇ ಹೊಗಳಿದ್ದು. "ನನಗೂ ಎರಡು ಕೊಂಬು ಬಂದಿದ್ವು" ಎನ್ನುತ್ತಾರೆ.

ಕೊಂಬು ಮುರಿದದ್ದು ಕಳೆದ ವರ್ಷ. ಯಾವಾಗಲೂ ತಾರೀಕಿನ ಪ್ರಕಾರ ಜೋಡಿಸುತ್ತಿದ್ದ ದೂರುಗಳನ್ನು ಒಂದು ಮಧ್ಯಾಹ್ನ ಸುಮ್ಮನೆ ಬೀದಿಯ ಪ್ರಕಾರ ಜೋಡಿಸಿದರು. ಒಂದೇ ಬೀದಿಯ ಹದಿನಾಲ್ಕು, ಹದಿನಾರು, ಹದಿನೆಂಟನೆಯ ನಂಬರಿನ ಮನೆಗಳಿಂದ ಮೂರು ವಾರದಲ್ಲಿ ಮೂರು ದೂರು. ಮೂರನ್ನೂ ಎರಡೆರಡು ಗಂಟೆಯಲ್ಲಿ ಮುಗಿಸಿದ್ದು ಪಟ್ಟಿಯಲ್ಲಿ ಮೊದಲ ಸ್ಥಾನದ 'ಮಿಂಚು ಮೇಸ್ತ್ರಿ'ಯ ತಂಡ. "ಮೇಲಿನ ಮನೆ ಮುಂದೆ ಅವಸರಕ್ಕೆ ತೇಪೆ ಹಾಕಿ ಎದ್ದಿದ್ರು. ನೀರು ಸುಮ್ನಿರುತ್ತಾ? ಕೆಳಗಿನ ಮನೆ ಮುಂದೆ ಮೇಲೆದ್ದಿತು. ಆ ಮನೆಯವರು ಫೋನ್ ಮಾಡಿದ್ರು. ನನ್ನ ಪಟ್ಟಿಗೆ ಅದು ಹೊಸಾ ದೂರು! ಒಂದೇ ಕೆಟ್ಟ ಕೆಲಸಕ್ಕೆ ಮೂರು ಸಲ ಶಭಾಶ್ ಅಂದಿದ್ದೆ ನಾನು."

ಆಮೆ ಮೇಸ್ತ್ರಿ ಹಾಗಲ್ಲ. ಆಳಕ್ಕೆ ಅಗೆಸಿ, ಕೊಳೆತ ಪೈಪನ್ನು ಪೂರ್ತಿ ಬದಲಿಸಿ, ನೀರು ಬಿಟ್ಟು ನೋಡಿ, ಆಮೇಲೆ ಮುಚ್ಚುತ್ತಾರೆ. ದಿನಕ್ಕೊಂದೇ ಗುಂಡಿ, ಒಂದೇ ಅಂಕ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ. ಈ ಪಟ್ಟಿಯಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಅತ್ತೆ ಮೇಲಧಿಕಾರಿಗಳಿಗೆ ಎರಡು ಸಾಲು ಬರೆದುಕೊಟ್ಟರು: 'ಪಟ್ಟಿ ತಪ್ಪು. ಮಾಡಿದವಳು ನಾನು.' ತಪ್ಪನ್ನು ಕಡತದಲ್ಲಿ ಹೀಗೆ ನೇರವಾಗಿ ಒಪ್ಪಿಕೊಂಡವರನ್ನು ನಾನಂತೂ ಇನ್ನೆಲ್ಲೂ ಕಂಡಿಲ್ಲ.

ಹೊಸ ಪಟ್ಟಿ ಕೇಳುವುದು ಒಂದೇ ಪ್ರಶ್ನೆ: ರಿಪೇರಿಯಾದ ಮೂವತ್ತನೆಯ ದಿನ ತೇಪೆ ಒಣಗಿದೆಯೇ? ತಂಡಕ್ಕೆ ಇಪ್ಪತ್ತರಂತೆ ನೂರೆಂಬತ್ತು ತೇಪೆ, ದಿನಕ್ಕೆ ಎರಡು, ತೊಂಬತ್ತು ದಿನ. ನಾಲ್ಕೂವರೆಗೆ ನೀರು ಬಿಡುತ್ತಾರೆ, ಐದಕ್ಕೆ ಪೈಪಿನಲ್ಲಿ ಒತ್ತಡ ಪೂರ್ತಿ. ಏಳರ ಮೇಲೆ ಮನೆಮನೆಯ ನಲ್ಲಿ ತೆರೆದರೆ ಒತ್ತಡ ಇಳಿದು, ಕಳ್ಳ ಸೋರಿಕೆಯೂ ಸಾಧುವಾಗಿಬಿಡುತ್ತದೆ. ಹಾಗಾಗಿ ಈ ಕತ್ತಲೆಯ ತಿರುಗಾಟ. ತಂಡದವರಿಗೆ ಇದು ಹಿಡಿಸಿಲ್ಲ. ಇವರ ಸ್ಕೂಟರಿನ ಗಾಳಿ ಮೂರು ಸಲ ತಾನಾಗಿಯೇ ಹೋಗಿದೆ. "ಮೊಣಕಾಲೂ ನನ್ನ ಮೇಲೆ ದೂರು ಕೊಟ್ಟಿದೆ. ಇನ್ನೂ ಮುಗಿಸಿಲ್ಲ" ಎನ್ನುತ್ತಾರೆ.

ಯಾವ ತೇಪೆ ನೋಡಬೇಕೆಂದು ಇವರು ಆರಿಸುವುದಿಲ್ಲ. "ನಾನೇ ಆರಿಸಿದ್ರೆ ಮನಸ್ಸು ಕಳ್ಳಾಟ ಆಡುತ್ತೆ." ಹಿಂದಿನ ಸಂಜೆ ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತುವವರು ಮನೆಯ ನಿಜವಾದ ಅತ್ತೆ, ಎಂಬತ್ತು ದಾಟಿದ ಹಿರಿಯ ಜೀವ. "ಕಣ್ಣು ಕಾಣಲ್ಲ ಅಂತ ತಾನೇ ಕಣೇ ನನಗೆ ಈ ಕೆಲಸ ಕೊಟ್ಟಿದ್ದು?" ಎಂದು ಅವರು ಒಮ್ಮೆ ಕೇಳಿದರಂತೆ. "ಹೂಂ ಅತ್ತೆ, ಅದೇ ನಿಮ್ಮ ಅರ್ಹತೆ" ಎಂದು ಸೊಸೆಯ ಉತ್ತರ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡ ಆ ಹೊತ್ತಿಗೆ ನಡುವೆ ಬಾಯಿ ಹಾಕುವುದಿಲ್ಲವಂತೆ. ಜಾಣರು.

ಕೊನೆಯ ಚೀಟಿ, ನೂರೆಂಬತ್ತನೆಯದು, ಆಮೆ ಮೇಸ್ತ್ರಿಯ ತೇಪೆ. ಅವರ ಹತ್ತೊಂಬತ್ತರಲ್ಲಿ ಹದಿನೆಂಟು ಒಣ. ಇದೂ ಒಣಗಿದ್ದರೆ ಎರಡನೆಯ ಸ್ಥಾನ. ಅತ್ತೆ ಕುಳಿತು ಅಂಗೈ ಇಡುತ್ತಾರೆ. ಕೈ ತೆಗೆಯುವುದಿಲ್ಲ. ಟಾರ್ಚಿನ ಬೆಳಕಿನಲ್ಲಿ ತೇಪೆಯ ಅಂಚು ಮಿನುಗುತ್ತಿದೆ.

"ಯಾರೋ ನೀರು ಚೆಲ್ಲಿರಬಹುದು" ಎಂದುಬಿಡುತ್ತೇನೆ. ಅವರು ಸರಳನ್ನು ನನ್ನ ಕೈಗೆ ಕೊಡುತ್ತಾರೆ. ಕಿವಿ ಹಚ್ಚಿದರೆ ಸುಯ್ ಎನ್ನುತ್ತದೆ. "ಬರೀದೆ ಬಿಟ್ರೆ?" ಎಂದು ಕೇಳಿಯೇಬಿಡುತ್ತೇನೆ.

"ಇವತ್ತು ಬಿಟ್ರೆ, ನಾಳೆ ಇನ್ನೊಬ್ಬ ಮೇಸ್ತ್ರಿ ಬಂದು 'ನಂದೂ ಬಿಡಿ' ಅಂತಾನೆ. ಆಗ ಇದು ಹಳೇದಕ್ಕಿಂತ ಕೆಟ್ಟ ಪಟ್ಟಿ. ಹಳೇದು ಕುರುಡು ಅಷ್ಟೇ, ಸುಳ್ಳು ಹೇಳ್ತಿರ್ಲಿಲ್ಲ." ಹೀಗೆಂದು 'ಒದ್ದೆ' ಎಂದು ಬರೆಯುತ್ತಾರೆ. ಅಕ್ಷರ ಎಂದಿನಂತೆ ದುಂಡಗಿದೆ.

ಹನ್ನೊಂದಕ್ಕೆ ಸಭೆ. ಒಂಬತ್ತು ಮೇಸ್ತ್ರಿಗಳೂ ಗೋಡೆಗೊರಗಿ ನಿಂತಿದ್ದಾರೆ. ನನಗೆ ಮೂಲೆಯಲ್ಲೊಂದು ಕುರ್ಚಿ ದಕ್ಕಿದೆ. ಹೊಸ ಪಟ್ಟಿಯಲ್ಲಿ ಇಪ್ಪತ್ತಕ್ಕೆ ಹನ್ನೊಂದು ಒಣ ತೇಪೆಯೊಂದಿಗೆ ತಳ ಸೇರಿರುವ ಮಿಂಚು ಮೇಸ್ತ್ರಿ ಮುಂದೆ ಬರುತ್ತಾರೆ. "ಸಾರ್, ಮೇಡಂಗೆ ಆಮೆ ಮೇಲೆ ಕನಿಕರ. ಅವರನ್ನ ಉಳಿಸೋಕೇ ಈ ಪಟ್ಟಿ ಮಾಡಿರೋದು." ಒಂದಿಬ್ಬರು ತಲೆಯಾಡಿಸುತ್ತಾರೆ. ಮುಖ್ಯ ಎಂಜಿನಿಯರ್ ಅತ್ತೆಯ ಕಡೆ ನೋಡುತ್ತಾರೆ.

ಅತ್ತೆ ನೋಟ್‌ಬುಕ್ ತೆರೆದು ಮೇಜಿನ ಮೇಲಿಡುತ್ತಾರೆ. "ಇವತ್ತು ಬೆಳಿಗ್ಗೆ ಅವರ ತೇಪೆ ಒದ್ದೆ ಇತ್ತು ಸಾರ್. ಎರಡರಿಂದ ನಾಲ್ಕಕ್ಕೆ ಇಳಿದಿದಾರೆ. ಉಳಿಸಬೇಕು ಅಂತಿದ್ರೆ ಈ ಒಂದು ಸಾಲು ನಾನು ಬರೀತಿರ್ಲಿಲ್ಲ."

"ಒಪ್ತೀರಾ?" ಎಂದು ಮುಖ್ಯ ಎಂಜಿನಿಯರ್ ಆಮೆ ಮೇಸ್ತ್ರಿಯನ್ನು ಕೇಳುತ್ತಾರೆ. "ನೋಡ್ದೆ ಹೇಗೆ ಒಪ್ಲಿ ಸಾರ್? ಅಗೆದು ನೋಡಿ ಹೇಳ್ತೀನಿ" ಎನ್ನುತ್ತಾರೆ ಅವರು, ತಮ್ಮ ಎಂದಿನ ನಿಧಾನದಲ್ಲಿ. ಮಿಂಚು ಮೇಸ್ತ್ರಿಗೂ ನಗು ತಡೆಯಲಾಗುವುದಿಲ್ಲ. ಮುಖ್ಯ ಎಂಜಿನಿಯರ್ ಟೈಪಾದ ಆದೇಶವನ್ನು ಉದ್ದಕ್ಕೆ ಹರಿದು ಬುಟ್ಟಿಗೆ ಹಾಕುತ್ತಾರೆ. "ಹೊಸ ಪಟ್ಟಿಯೇ ಇರಲಿ. ಯಾವ ತಂಡವನ್ನೂ ಒಡೆಯೋದು ಬೇಡ. ಕೆಳಗಿರೋರಿಗೆ ಆರು ತಿಂಗಳು ಕೊಡಿ."

ಮಧ್ಯಾಹ್ನ ಮೂರರ ಹೊತ್ತಿಗೆ ಆಮೆ ಮೇಸ್ತ್ರಿ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಅತ್ತೆಯ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. "ಅಗೆದು ನೋಡ್ದೆ ಅಮ್ಮಾ. ಜೋಡಣೆ ಬಿಟ್ಟಿತ್ತು. ನನ್ನ ತಪ್ಪೇ. ನಾಲ್ಕು ಸರಿಯಾಗಿದೆ" ಎಂದಷ್ಟೇ ಹೇಳಿ, ನೆಲ ಕೊಳೆಯಾಯಿತಲ್ಲ ಎಂದು ಸಂಕೋಚಪಡುತ್ತಾ ಹೊರಟುಹೋಗುತ್ತಾರೆ.

ಅತ್ತೆ ನನ್ನ ಕಡೆ ತಿರುಗುತ್ತಾರೆ. "ಹಳೇ ಪಟ್ಟೀಲಿ ಒಂಬತ್ತು, ಒಂಬತ್ತು ಅಂತ ಅಷ್ಟು ತಿಂಗಳು ಬೋರ್ಡಿಗೆ ಹಾಕಿದ್ವಿ. ಒಂದು ದಿನವೂ ಬಂದು ಜಗಳ ಆಡ್ಲಿಲ್ಲ ಅವರು. ಅದು ತನ್ನ ಬಗ್ಗೆ ಅಂತಾನೇ ಅವರಿಗೆ ಅನ್ಸಿರ್ಲಿಲ್ಲ. ಇವತ್ತು ನೋಡಿ, ನಾಲ್ಕು ಅಂದಿದ್ದಕ್ಕೆ ಅಗೆದು, ನೋಡಿ, ಬಂದು ಹೇಳಿ ಹೋದ್ರು."

ಪೆನ್ನಿನ ಕ್ಯಾಪು ಹಾಕುತ್ತಾರೆ. "ಮೂವತ್ತು ವರ್ಷದಲ್ಲಿ ನಾನು ಬರೆದ ಮೊದಲ ಸರಿಯಾದ ನಂಬರ್ ಅದು."