ತಂಗಮಣಿ ಅಕ್ಕನ ಗಾಳ

ಲಿಂಗಸಾಮಿಯವರು ಎದುರಿಗೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಾಡಿಗೆಗಿರುವವಳಿಗೆ ಮಾಲೀಕರ ಮನೆಯ ಉಸಾಬರಿ ಏಕೆ ಎಂದು ಕೇಳುವವರು ಕೇಳಲಿ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಹುಟ್ಟಿದವಳು ನಾನು. ತಂಗಮಣಿ ಅಕ್ಕ ಕಿರುಚುವವರಲ್ಲ, ಹಾಗಾಗಿ ಅವರ ಪಾಲಿನದನ್ನೂ ನಾನೇ ಕಿರುಚುತ್ತೇನೆ.

ನನ್ನ ಊರು ರಾಣೆಬೆನ್ನೂರು. ಕೆಲಸ ತಮಿಳು ಸೀಮೆಯ ಕುರಿಚಿಯ ಒಂದು ಕಂಪನಿಯ ಆಫೀಸಿನಲ್ಲಿ, ವಾಸ ಸಿಂಗಾನಲ್ಲೂರಿನಲ್ಲಿ ಅಕ್ಕನ ಮನೆಯ ಮಹಡಿಯ ಮೇಲೆ. ಮನೆ ನೋಡಲು ಬಂದ ದಿನ ತಮಿಳಿನಲ್ಲಿ ತಡವರಿಸುತ್ತಾ ನಿಂತಿದ್ದೆ. ಮಗ್ಗದ ಗುಂಡಿಯೊಳಗಿಂದಲೇ ಅಕ್ಕ, "ನೀನು ಕನ್ನಡದೋಳಾ? ನಾವೂ ಅದೇ ಕಣಮ್ಮ, ಒಳಗೆ ಬಾ" ಎಂದರು. ತಲೆಮಾರುಗಳಿಂದ ಇಲ್ಲಿ ರೇಷ್ಮೆ ಸೀರೆ ನೇಯುವ ಮನೆತನ ಅವರದು. ಕನ್ನಡ ಓದಲು ಬಾರದು, ಆದರೆ ಬೈಯುವುದು, ಮುದ್ದಿಸುವುದು, ದೇವರಿಗೆ ಮೊರೆಯಿಡುವುದು ಎಲ್ಲ ಕನ್ನಡದಲ್ಲೇ.

ಮನೆಯ ಜಂತೆಗೆ ಕಟ್ಟಿದ ಒಂದು ತೆಳ್ಳನೆಯ ಬಿದಿರಿನ ಗಾಳದ ಕೋಲಿತ್ತು. ಅಕ್ಕನ ಅಪ್ಪ ಹರೆಯದಲ್ಲಿ ನೀಲಗಿರಿಯ ಚಹಾ ತೋಟವೊಂದರಲ್ಲಿ ಅಡುಗೆಗಿದ್ದರಂತೆ. ತೋಟದ ದೊರೆ ಊರು ಬಿಡುವಾಗ ಅದನ್ನು ಅವರ ಕೈಗಿತ್ತು ಹೋಗಿದ್ದ. ಎರೆಹುಳು ಸಿಕ್ಕಿಸುವ ಗಾಳವಲ್ಲ ಅದು. ಕೊಕ್ಕೆಗೆ ಕೋಳಿಗರಿ, ರೇಷ್ಮೆ ಎಳೆ ಸುತ್ತಿ ಹುಳದಂತೆ ಮಾಡಬೇಕು. ಉದ್ದನೆಯ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ನಿಜವಾದ ಹುಳವೇ ಬಂದು ಕೂತಂತೆ ನೀರಿನ ಮೇಲೆ ಇಳಿಸಬೇಕು. ಆ ಕಟ್ಟಿದ ಹುಳಕ್ಕೆ ಅಕ್ಕ 'ಪೂಚಿ' ಎನ್ನುತ್ತಾರೆ. ಅಪ್ಪ ಈ ವಿದ್ಯೆ ಕಲಿಸಿದ್ದು ತನ್ನ ಒಬ್ಬಳೇ ಮಗಳಿಗೆ.

ಇದರಲ್ಲೊಂದು ತಮಾಷೆಯಿದೆ. ನೇಕಾರರ ಮನೆಯಲ್ಲಿ ಮಗ್ಗ ನಿಲ್ಲುವುದು ಅಮಾವಾಸ್ಯೆಯಂದು. ಅದೇ ದಿನ ಮನೆಗೆ ಮೀನು ತರುವಂತಿಲ್ಲ. ಹಿಡಿಯಲು ಬಿಡುವಾದ ದಿನವೇ ತಿನ್ನಲು ನಿಷೇಧ! ಹಾಗಾಗಿ ಅಪ್ಪ ಮಗಳು ಕೆರೆಯಲ್ಲಿ ಹಿಡಿದ ಮೀನನ್ನೆಲ್ಲ ಮತ್ತೆ ನೀರಿಗೇ ಬಿಟ್ಟು ಬರುತ್ತಿದ್ದರು. ಬೀದಿಯವರೆಲ್ಲ ನಗುತ್ತಿದ್ದರಂತೆ. ಹರಿಯುವ ನೀರಿನಲ್ಲಿ ಒಮ್ಮೆಯಾದರೂ ಬೀಸಿ ನೋಡು ಎಂದು ಹೇಳಿಯೇ ಅಪ್ಪ ಕಣ್ಣು ಮುಚ್ಚಿದರು. ಅಕ್ಕನಿಗೆ ಈಗ ಐವತ್ತು ದಾಟಿದೆ, ಆ ಒಂದು ಆಸೆ ಮಾತ್ರ ಹಾಗೇ ಉಳಿದಿತ್ತು.

ಹೋಗೋಣ ಎಂದೆ ನಾನು. ಸಂಜೆ ಮಗ್ಗ ನಿಂತ ಮೇಲೆ ಫೋನಿನಲ್ಲಿ ಹೊಳೆಗಳನ್ನು ಹುಡುಕುತ್ತಾ ಕೂತೆವು. ಮಡತುಕ್ಕುಳಂ ಕಡೆ ಅಮರಾವತಿ ಹೊಳೆ ತಿರುಗುವಲ್ಲಿ ಒಂದು ಮಡು ಕಂಡಿತು. ಆಡಿ ಅಮಾವಾಸ್ಯೆಗೆ, ಅಂದರೆ ನಮ್ಮ ಆಷಾಢದ ಅಮಾವಾಸ್ಯೆಗೆ, ಹೊರಡುವುದೆಂದಾಯಿತು. ಅಕ್ಕ ಸೀರೆ ನೇಯ್ದು ಉಳಿದ ಎಳೆಗಳಿಂದ ಬಗೆಬಗೆಯ ಪೂಚಿ ಕಟ್ಟಿ ಡಬ್ಬಿ ತುಂಬಿಸಿದರು. ಅಷ್ಟು ಏಕೆ ಎಂದು ಕೇಳಿದರೆ, "ಆ ಹೊಳೆ ಮೀನು ಏನು ತಿಂತದೋ ಯಾರ್ ಕಂಡೋರು? ಗೊತ್ತಿಲ್ದೋರ ಮನೆಗೆ ಬರೀ ಕೈಲಿ ಹೋಗಕ್ಕಾಗ್ತದಾ?" ಎಂದರು.

ಆಗ ಬಂದರು ಲಿಂಗಸಾಮಿ, ಅಕ್ಕನ ಗಂಡನ ಅಣ್ಣ. ಯಾವ ಬಸ್ಸು, ಎಲ್ಲಿ ಇಳಿಯುತ್ತೀರಿ, ಮಡು ಎಷ್ಟು ದೂರ ಎಂದು ಬಿಡಿಸಿ ಬಿಡಿಸಿ ಕೇಳಿದರು. ಹೆಂಗಸರ ಮೇಲೆ ಎಷ್ಟು ಕಾಳಜಿ ಅಂದುಕೊಂಡು ನಾನೇ ಫೋನು ಹಿಡಿದು ಜಾಗ ತೋರಿಸಿದೆ. ನನ್ನ ಬುದ್ಧಿಗಿಷ್ಟು!

ಎಲ್ಲ ಕೇಳಿಯಾದ ಮೇಲೆ ಅವರ ಮುಖ ಗಂಭೀರವಾಯಿತು. ಅಕ್ಕನ ಅಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಪ್ರತಿ ಆಡಿ ಅಮಾವಾಸ್ಯೆಗೆ ಪೇರೂರಿನ ದೇವಸ್ಥಾನದ ಬಳಿ ಎಳ್ಳುನೀರು ಬಿಡುತ್ತಿದ್ದವರು ಇವರೇ.

"ಹೆತ್ತಪ್ಪಂಗೆ ಎಳ್ಳು ಬಿಡೋ ದಿವ್ಸ ಮಗಳು ಮೀನು ಹಿಡಿಯಕ್ಕೆ ಹೋದ್ರೆ ಅವ್ರ ಆತ್ಮ ಏನಂತದೆ ತಂಗಮಣಿ? ಆ ಕೋಲು ಇಲ್ಲಿ ಕೊಡು. ಪಿಂಡದ ಪಕ್ಕ ಇಟ್ಟು ಕೈಮುಗ್ದು ತರ್ತೀನಿ."

"ಅಕ್ಕ ಮೀನು ಕೊಲ್ಲೋದಿಲ್ಲ, ಬಿಟ್ಟುಬಿಡ್ತಾರೆ" ಎಂದೆ.

"ನಮ್ಮ ಶಾಸ್ತ್ರ ನಿಂಗೆ ತಿಳಿಯಲ್ಲಮ್ಮ" ಎಂದರು. ಅಕ್ಕನ ಗಂಡ ಸೆಲ್ವಕುಮಾರ್ ನೆಲ ನೋಡುತ್ತಾ ನಿಂತಿದ್ದರು. ಅಣ್ಣನೆದುರು ಅವರ ಬಾಯಿಗೆ ಎಂದೂ ಬೀಗವೇ. ಅಕ್ಕ ಸ್ಟೂಲು ಹತ್ತಿ ಕೋಲು ಬಿಚ್ಚಿ ಕೊಟ್ಟರು. ಆಮೇಲೆ ಪೂಚಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಅದನ್ನು ನೋಡಲಾಗಲಿಲ್ಲ ನನಗೆ.

ನಾನೂ ಹಟ ಬಿಡಲಿಲ್ಲ. ರಜೆ ಹಾಕಿಯಾಗಿದೆ, ಗಾಳವಿಲ್ಲದಿದ್ದರೇನು, ಹೊಳೆಯನ್ನಾದರೂ ನೋಡಿ ಬರೋಣ ಎಂದು ಅಮಾವಾಸ್ಯೆಯ ಬೆಳಿಗ್ಗೆ ಅಕ್ಕನನ್ನು ಎಳೆದುಕೊಂಡು ಉಡುಮಲೆ ಬಸ್ಸು ಹತ್ತಿದೆ. ಡಬ್ಬಿ ಅವರ ಕೈಚೀಲದಲ್ಲೇ ಇತ್ತು. ಮಡತುಕ್ಕುಳಂನಲ್ಲಿ ಇಳಿದು ನೋಡಿದರೆ ಹೊಳೆಯ ಮೆಟ್ಟಿಲ ತುಂಬ ಜನ, ಬಾಳೆ ಎಲೆ, ಎಳ್ಳು, ಅನ್ನದುಂಡೆ. ಗದ್ದಲ ದಾಟಿ ದಂಡೆಯಗುಂಟ ಮೇಲಕ್ಕೆ ನಡೆದೆವು. ನೀರು ಕಲ್ಲುಗಳ ನಡುವೆ ಓಡುತ್ತಿತ್ತು, ಅಕ್ಕ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ತಿರುವಿನ ಮಡುವಿನಲ್ಲಿ, ನಾನೇ ಫೋನಿನಲ್ಲಿ ತೋರಿಸಿದ ಜಾಗದಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು ಲಿಂಗಸಾಮಿ ನಿಂತಿದ್ದರು. ಕೈಯಲ್ಲಿ ಅಕ್ಕನ ಅಪ್ಪನ ಕೋಲು, ಕೊಕ್ಕೆಯಲ್ಲಿ ಹಿಟ್ಟಿನುಂಡೆ, ಪಕ್ಕದ ಬಕೆಟ್ಟಿನಲ್ಲಿ ಒದ್ದಾಡುವ ಮೀನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಸಿಟ್ಟು ನೆತ್ತಿಗೇರಿ ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ತಡೆದರು.

"ಪೇರೂರಲ್ಲಿ ಭಾರಿ ಜನ, ಅದಕ್ಕೆ ಇಲ್ಲಿಗೆ..." ಎಂದು ತೊದಲಿದರು ಅವರು.

"ಇಲ್ಲಿ ಎಳ್ಳು ಬಿಟ್ರಾ ಬಾವ?"

ಅವರು ಹೊಳೆಯ ಕಡೆ ಮುಖ ತಿರುಗಿಸಿದರು.

"ಹೋದ ವರ್ಸ?"

ಅವರು ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ಸರಿಸಲು ನೋಡಿದರು.

ಅಕ್ಕ ಕೋಲನ್ನು ಅವರ ಕೈಯಿಂದ ತೆಗೆದುಕೊಂಡರು. ದಾರವನ್ನು ಹಲ್ಲಿನಿಂದ ಕಡಿದು ಕೊಕ್ಕೆಯನ್ನು ಹಿಟ್ಟಿನ ಸಮೇತ ಎಸೆದು, ಡಬ್ಬಿಯಿಂದ ಒಂದು ಹಸಿರು ಪೂಚಿ ಆರಿಸಿ ಕಟ್ಟಿದರು. ಸೀರೆ ಎತ್ತಿ ಸಿಕ್ಕಿಸಿ ಮೊಣಕಾಲು ನೀರಿಗಿಳಿದು ಬೀಸಿದರು. ದಾರ ಹಿಂದೆ ಹೋಗಿ ಮುಂದೆ ಬಂತು. ಮೊದಲೆರಡು ಸಲ ಹರಿವು ಅದನ್ನು ಎಳೆದೊಯ್ದಿತು, ಮೂರನೆಯ ಸಲ ಪೂಚಿ ಕಲ್ಲಿನ ಪಕ್ಕ ಮೆಲ್ಲಗೆ ಕೂತಿತು. ಮೀನು ಬರಲಿಲ್ಲ. ಅಕ್ಕ ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಆಮೇಲೆ ದಂಡೆಗೆ ಬಂದು ಬಕೆಟ್ಟು ಎತ್ತಿಕೊಂಡರು. ಒಂದೊಂದೇ ಮೀನನ್ನು ಬೊಗಸೆಯಲ್ಲಿ ಹಿಡಿದು, ಹೊಳೆಯೊಳಗೆ ಮುಳುಗಿಸಿ, "ಅಪ್ಪಾ, ಇದು ನಿಂಗೆ" ಎಂದು ಬಿಟ್ಟರು. ಖಾಲಿ ಬಕೆಟ್ಟನ್ನು ತೊಳೆದು ಲಿಂಗಸಾಮಿಯವರ ಮುಂದಿಟ್ಟರು.

"ಮುಂದಿನ ವರ್ಸದಿಂದ ನಮ್ಮಪ್ಪಂಗೆ ನಾನೇ ಮಾಡ್ಕೊಳ್ತೀನಿ. ನಿಮಗ್ಯಾಕೆ ಬಾವ ತೊಂದ್ರೆ."