ಮಾವನಿಗೆ ಕ್ಲಾಂಪು ತಂದದ್ದು

ನಮ್ಮ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರರು ಈಚೆಗೆ ಮರಗೆಲಸ ಹಿಡಿದಿದ್ದಾರೆ. ಸಕ್ಕರೆ ಕಾಯಿಲೆಗೆ ನಡಿಗೆ, ಬೇಸರಕ್ಕೆ ಮರಗೆಲಸ ಎಂದು ಡಾಕ್ಟರು ಹೇಳಿದರಂತೆ. ಎರಡನೆಯದನ್ನು ಇವರೇ ಸೇರಿಸಿಕೊಂಡಿರಬಹುದೆಂದು ನನ್ನ ಗುಮಾನಿ. ಹೋದ ವಾರ ಅವರಿಗೊಂದು ಪಾರ್ಸೆಲ್ ಬಂತು. ಒಳಗೆ ನಾಲ್ಕು ಕ್ಲಾಂಪುಗಳು. ಅಂದರೆ, ಮರದ ತುಂಡುಗಳನ್ನು ಅಂಟಿಸುವಾಗಲೋ ಕೊರೆಯುವಾಗಲೋ ಅಲುಗಾಡದಂತೆ ಕಚ್ಚಿ ಹಿಡಿಯುವ ತಿರುಪಿನ ಸಾಮಾನು. ಕವರು ಹರಿದಾಗ ಹೊಸ ಕಬ್ಬಿಣಕ್ಕೆ ಸವರಿದ ಎಣ್ಣೆಯ ವಾಸನೆ ಬಂತು.

"ಮೇಡಂ, ಅಗ್ಗಕ್ಕೆ ಸಿಕ್ತು. ಚೆನ್ನಾಗಿದೆಯಾ ನೋಡಿ" ಎಂದರು.

ನಾನು ಒಂದನ್ನೆತ್ತಿಕೊಂಡು ಮೂಸಿದೆ. ಕ್ಲಾಂಪನ್ನು ಮೂಸಿ ಪರೀಕ್ಷಿಸುವವರನ್ನು ಅವರು ಮೊದಲು ಕಂಡಿರಲಿಲ್ಲವೆಂದು ತೋರುತ್ತದೆ. ಅದೂ ಒಂದು ಕ್ರಮವಿರಬೇಕೆಂದು ಗೌರವದಿಂದ ಕಾದು ನಿಂತರು.

ಆ ವಾಸನೆ ನನ್ನನ್ನು ಇಪ್ಪತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು. ನೀವೂ ಬರುವುದಾದರೆ ಬನ್ನಿ. ಆಗಲೂ ನಮ್ಮ ಮನೆ ಇದೇ ಚಾಮರಾಜನಗರದಲ್ಲಿತ್ತು. ನಾನು ದಿನವೂ ಸತ್ಯಮಂಗಲದ ಕಡೆಯ ಬಸ್ಸು ಹಿಡಿದು ಪುಣಜನೂರಿನ ಶಾಲೆಗೆ ಹೋಗಿ, ಮೂರನೇ ತರಗತಿಗೆ ಮಗ್ಗಿ ಹೇಳಿಕೊಟ್ಟು ಬರುತ್ತಿದ್ದೆ. ನನ್ನ ಗಂಡ ಲೈನ್‌ಮನ್. ಊರಲ್ಲಿ ಕರೆಂಟು ಹೋದಾಗ ಅವರೂ ಮನೆಯಿಂದ ಹೋಗುತ್ತಿದ್ದರು. ಮನೆಯ ಮುಂದೆ ತಗಡಿನ ಶೆಡ್ಡು. ಅಲ್ಲಿ ನಮ್ಮ ಮಾವ, ಪುಟ್ಟಾಚಾರ್ರು, ನಲವತ್ತು ವರ್ಷದಿಂದ ಬಾಗಿಲು, ಕಿಟಕಿ, ಮಂಚಗಳನ್ನು ಮಾಡುತ್ತಿದ್ದರು.

ಮಾವ ನೆಲದ ಮೇಲೆ ಕೂತು ಕೆಲಸ ಮಾಡುವವರು. ಮರವನ್ನು ಎಡಗಾಲಿನಲ್ಲಿ ಅದುಮಿ, ಎಡಗೈಯಲ್ಲಿ ಉಳಿ ಹಿಡಿದು, ಬಲಗೈಯಲ್ಲಿ ಕೊಡತಿಯಿಂದ ಹೊಡೆಯುತ್ತಿದ್ದರು. ಅವರ ಎಡಗಾಲಿನ ಹೆಬ್ಬೆರಳು ಉಳಿದವರ ಹೆಬ್ಬೆರಳಿನಂತೆ ಇರಲಿಲ್ಲ. ಅದಕ್ಕೆ ಸ್ವಂತ ಬುದ್ಧಿಯಿತ್ತು. ಯಾರೋ ಒಮ್ಮೆ ಒಂದು ಕ್ಲಾಂಪು ತೋರಿಸಿ ಕೊಳ್ಳಿ ಎಂದಾಗ ಮಾವ, "ಮರ ಇಡ್ಯಾಕ ಕಬ್ಬುಣ ಯಾಕ? ದೇವ್ರು ಕಾಲು ಕೊಟ್ಟಿಲ್ವಾ?" ಎಂದು ಕೇಳಿ ಕಳಿಸಿದ್ದರು.

ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಅವರ ಕೈಯಿಂದ ಚೊಂಬು ಬಿತ್ತು. ಎತ್ತಿಕೊಳ್ಳಲು ಹೋದವರು ತಾವೂ ಬಿದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ಲಕ್ವ ಎಂದರು. ಒಂದೂವರೆ ತಿಂಗಳ ಮೇಲೆ ಕೋಲೂರಿಕೊಂಡು ಮನೆಗೆ ಬಂದಾಗ ಮಾತು ಸರಿಯಾಗಿತ್ತು, ಬಲಗೈ ಗಟ್ಟಿಯಾಗಿತ್ತು, ಎಡಗಡೆ ಮಾತ್ರ ಕೈಕಾಲು ಎರಡೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಹೊಡೆಯುವ ಕೈ ಉಳಿದಿತ್ತು, ಹಿಡಿಯುವ ಕೈ ಹೋಗಿತ್ತು. ಮಾವ ಶೆಡ್ಡಿನ ಕಡೆ ಬೆನ್ನು ಹಾಕಿ ಜಗಲಿಯಲ್ಲಿ ಕೂರತೊಡಗಿದರು. ಬೀದಿಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಬಸ್ಸುಗಳ ಬಗ್ಗೆ ಅವರಿಗೆ ಮೊದಲು ಯಾವ ಆಸಕ್ತಿಯೂ ಇರಲಿಲ್ಲ.

ಆಗ ಕುದೇರಿನಿಂದ ಮಾದಪ್ಪನವರು ಬಂದರು. ಮಗಳ ಮದುವೆಗೆಂದು ತಮ್ಮ ಹೊಲದ ಬದುವಿನ ತೇಗ ಕಡಿಸಿ, ಮಂಚ ಮಾಡಲು ಮಾವನಿಗೆ ಕೊಟ್ಟಿದ್ದವರು. ನಾಲ್ಕು ಕಾಲುಗಳಷ್ಟೇ ಆಗಿದ್ದವು. ಮಿಕ್ಕಿದ್ದು ಹಲಗೆಯಾಗಿ ಶೆಡ್ಡಿನಲ್ಲಿ ಒರಗಿತ್ತು. ಒಳ್ಳೆಯ ಮನುಷ್ಯ; ಹಣ್ಣು ತಂದಿದ್ದರು, ಬಹಳ ಹೊತ್ತು ಮಳೆಯ ವಿಷಯ ಮಾತಾಡಿದರು. ಕೊನೆಗೆ ಟವೆಲ್ಲಿನ ತುದಿ ನೋಡುತ್ತ, "ಆಚಾರ್ರೇ, ಬ್ಯಾಸರ ಮಾಡ್ಕಬ್ಯಾಡಿ. ಮದ್ವಗ ಇನ್ನು ಎರಡು ತಿಂಗ್ಳದ. ಮರವ ಬ್ಯಾರೆ ಕಡ ಕೊಟ್ಟು ಮಾಡಿಸ್ಕತೀನಿ. ನೀವು ಮೊದ್ಲು ಉಸಾರಾಗಿ" ಎಂದರು.

ಮಾವ ಬೀದಿ ನೋಡುತ್ತಲೇ, "ತಗಂಡೋಗಿ" ಎಂದರು.

ಒಂದೇ ಮಾತು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಏನಾಯಿತೋ ಗೊತ್ತಿಲ್ಲ. "ಮರ ಇಲ್ಲೇ ಇರ್ಲಿ ಅಣ್ಣ. ಮಂಚ ನಾವೇ ಮಾಡ್ಕೊಡ್ತೀವಿ" ಎಂದುಬಿಟ್ಟೆ.

"ಯಾರವ್ವ ಮಾಡರು?"

"ಮಾವ ಮಾಡ್ತಾರೆ. ನಾನು ಹಿಡ್ಕೋತೀನಿ."

ನಾನು ಅದುವರೆಗೆ ಹಿಡಿದಿದ್ದ ಮರವೆಂದರೆ ಅಡಿಕೋಲು ಮತ್ತು ಲಟ್ಟಣಿಗೆ. ಮಾದಪ್ಪನವರು ನನ್ನನ್ನೂ ಮಾವನನ್ನೂ ನೋಡಿದರು. ಮಾವ ನನ್ನನ್ನು ಮಾತ್ರ ನೋಡಿದರು. ಶಾಲೆಯಲ್ಲಿ ತಪ್ಪು ಉತ್ತರಕ್ಕೆ ಕೈಯೆತ್ತಿದ ಮಗುವನ್ನು ನಾನು ನೋಡುವ ಹಾಗೆ.

ಮಾರನೆಯ ದಿನದಿಂದ ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಉಳಿ ಹಿಡಿದುಕೊಳ್ಳತೊಡಗಿದೆ. ಉಳಿಯ ಮೊದಲ ಹೊಡೆತಕ್ಕೆ ನನ್ನ ಕಣ್ಣು ಮುಚ್ಚುತ್ತಿತ್ತು, ಎರಡನೆಯದಕ್ಕೆ ಮರ ಜರುಗುತ್ತಿತ್ತು, ಮೂರನೆಯದನ್ನು ಮಾವ ಹೊಡೆಯುತ್ತಲೇ ಇರಲಿಲ್ಲ. ಮೂರು ದಿನ ನೋಡಿ ಕೊಡತಿಯನ್ನು ಕೆಳಗಿಟ್ಟು, "ನಿನ್ನ ಕೈಗ ಏನಾರ ಆದ್ರ ಆ ಮಕ್ಳಿಗ ಯಾರು ಬರಸರು? ಬುಡವ್ವ" ಎಂದರು. ಮತ್ತೆ ಜಗಲಿ, ಮತ್ತೆ ಬಸ್ಸು.

ಹೀಗಾಗಿ ನಾನು ಕ್ಲಾಂಪು ಹುಡುಕಿಕೊಂಡು ಹೊರಟೆ. ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ "ಕ್ಲಾಂಪು ಕೊಡಿ" ಎಂದೆ.

"ಯಾವ ಕ್ಲಾಂಪಮ್ಮ? ಪೈಪಿಂದಾ, ಗ್ಯಾಸಿಂದಾ?"

"ಮರದ್ದು."

"ಮರದ್ದು ಬರಲ್ಲಮ್ಮ. ಕಬ್ಬಿಣದ್ದೇ ಬರೋದು."

ಅಂಗಡಿಯವನಿಗೆ ಅರ್ಥವಾಗುವಷ್ಟರಲ್ಲಿ ನನ್ನ ಹಿಂದೆ ಆರು ಜನ ನಿಂತಿದ್ದರು. ಆಸ್ಪತ್ರೆಯ ಖರ್ಚು ಕಳೆದು ಮನೆಯಲ್ಲಿ ಉಳಿದಿದ್ದು ಅಷ್ಟಕ್ಕಷ್ಟೆ, ಆದ್ದರಿಂದ ಇದ್ದುದರಲ್ಲೇ ಅಗ್ಗವಾದ ಎರಡನ್ನು ಆರಿಸಿದೆ. ಹಸಿರು ಬಣ್ಣ ಚೆನ್ನಾಗಿತ್ತು. ಆರಿಸಲು ನನಗೆ ತಿಳಿದಿದ್ದ ಮಾನದಂಡ ಅದೊಂದೇ. ಮನೆಗೆ ಬಂದು, ಹಲಗೆಯೊಂದನ್ನು ಶೆಡ್ಡಿನಲ್ಲಿ ಸಾಮಾನು ಇಡುವ ಎತ್ತರದ ಬೆಂಚಿಗೆ ಕಚ್ಚಿಸಿ, ಮಾವ ನೋಡಲಿ ಎಂದು ಜೋರಾಗಿ ತಿರುಪಿದೆ. ಟಣ್ ಎಂದು ಸದ್ದಾಯಿತು. ಕ್ಲಾಂಪಿನ ಅರ್ಧ ನನ್ನ ಕೈಯಲ್ಲಿತ್ತು, ಇನ್ನರ್ಧ ದಾಸವಾಳದ ಗಿಡದ ಬುಡದಲ್ಲಿತ್ತು.

ಮಾವ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ಬಾಯಿಯ ಒಂದೇ ಕಡೆ ನಕ್ಕಿತು, ಆದರೂ ನಗು ಪೂರ್ತಿಯಾಗಿತ್ತು. ನನ್ನ ದುಡ್ಡು ಅಲ್ಲಿಗೆ ಸಂದಿತೆಂದು ಈಗಲೂ ಅಂದುಕೊಳ್ಳುತ್ತೇನೆ.

ಗುಂಡ್ಲುಪೇಟೆಯಲ್ಲಿ ಸುಕುಮಾರನ್ ಎಂಬ ಮಲಯಾಳಿ ಮೇಸ್ತ್ರಿಯ ದೊಡ್ಡ ಮರಗೆಲಸದ ಶೆಡ್ಡಿದೆ, ಅವರ ಬಳಿ ಹಳೆಯ ಕ್ಲಾಂಪುಗಳಿವೆ ಎಂದು ನನ್ನ ಗಂಡ ಯಾವುದೋ ಕಂಬದ ಮೇಲೆ ಕೇಳಿಸಿಕೊಂಡು ಬಂದರು. ಭಾನುವಾರ ಮುರಿದ ಕ್ಲಾಂಪನ್ನು ಬ್ಯಾಗಿಗೆ ಹಾಕಿಕೊಂಡು ಹೋದೆ. ಸುಕುಮಾರನ್ ಅದರ ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದು, "ಟೀಚರೇ, ಇದು ಎರಕ. ಒಳಗೆ ರಾಗಿ ಕಾಳು ಥರ ಉಂಟಲ್ಲ, ನೋಡಿ. ಇದು ಬಟ್ಟೆ ಒಣಗಿಸ್ಲಿಕ್ಕೆ ಆಗ್ತದೆ" ಎಂದರು.

ಆಮೇಲೆ ಅರ್ಧ ಗಂಟೆ ನನಗೆ ಪಾಠವಾಯಿತು. ಬಣ್ಣ ನೋಡಬಾರದು. ಬಾಯಿ ಖಾಲಿಯಿದ್ದಾಗಲೇ ಪೂರ್ತಿ ತಿರುಪಿ, ಎರಡು ದವಡೆಗಳೂ ನೆಟ್ಟಗೆ ಕೂಡುತ್ತವೆಯೇ ನೋಡಬೇಕು. ತಿರುಪಿನ ಹಲ್ಲು ಆಳವಾಗಿರಬೇಕು. ಹಿಡಿಯನ್ನು ಬಿಟ್ಟಾಗ ತಾನಾಗಿ ಹಿಂದಕ್ಕೆ ತಿರುಗಬಾರದು. ಮರಕ್ಕೂ ಕಬ್ಬಿಣಕ್ಕೂ ನಡುವೆ ಒಂದು ಚೂರು ಹಲಗೆ ಇಡಬೇಕು, ಇಲ್ಲದಿದ್ದರೆ ಗಾಯ ಉಳಿಯುತ್ತದೆ. ನಾನು ಹಾಜರಿ ಪುಸ್ತಕದ ಹಿಂದೆ ಬರೆದುಕೊಂಡೆ.

"ಮಂಚಕ್ಕೆ ಎಷ್ಟು ಬೇಕು?" ಎಂದು ಕೇಳಿದೆ.

"ಹತ್ತು."

ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. "ಯಾರಿಗೆ?" ಎಂದರು. ಹೇಳಿದೆ. ಅವರು ಮೂಲೆಯಿಂದ ಎರಡು ಉದ್ದನೆಯ ಹಳೆಯ ಕ್ಲಾಂಪುಗಳನ್ನು ಎಳೆದು ತಂದು, ತುಕ್ಕು ಉಜ್ಜಿ ಎಣ್ಣೆ ಸವರಿದರು. "ಈ ಎರಡು ತಗೊಳ್ಳಿ. ಬಾಕಿ ಎಂಟು ಮನೇಲೇ ಮಾಡಿ. ಒಂದು ಪಟ್ಟಿ ಮರ, ಎರಡು ತುದೀಲಿ ಎರಡು ಗಟ್ಟಿ ತುಂಡು ಹೊಡೀರಿ. ನಡುವೆ ನಿಮ್ಮ ಹಲಗೆ. ಸಂದಿಗೆ ಬೆಣೆ ಇಟ್ಟು ಬಡೀರಿ. ಅಷ್ಟೇ. ಇದು ಆಚಾರಿಗೆ ಗೊತ್ತುಂಟು. ಬೇಕಾಗಿರಲಿಲ್ಲ, ಅಷ್ಟೇ."

ಬಸ್ಸಿನಲ್ಲಿ ನಾಲ್ಕಡಿ ಉದ್ದದ ಎರಡು ಕಬ್ಬಿಣಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರು "ಏನ್ ಮೇಡಂ, ಬೋರ್‌ವೆಲ್ ಸಾಮಾನಾ?" ಎಂದು ಕೇಳಿದರು. ಹೌದೆಂದೆ. ನಿಜ ಹೇಳಲು ಅಷ್ಟು ಹೊತ್ತು ಇರಲಿಲ್ಲ.

ಮಾವ ಅವುಗಳನ್ನು ಮುಟ್ಟಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ನಾನು ಬೆಂಚಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟು ಶಾಲೆಗೆ ಹೋಗುತ್ತಿದ್ದೆ. ನಾಲ್ಕನೆಯ ಸಂಜೆ ಗೇಟಿನ ಬಳಿ ಬಂದಾಗ ಕೊಡತಿಯ ಸದ್ದು ಕೇಳಿಸಿತು. ನಿಧಾನವಾಗಿ, ಒಂದು ಹೊಡೆತ, ತಡೆದು ಇನ್ನೊಂದು. ಒಳಗೆ ಹೋದರೆ ನಿಲ್ಲಿಸಿಬಿಡುತ್ತಾರೇನೋ ಎಂದು ಹಿತ್ತಲಿಂದ ಸುತ್ತಿ ಬಂದೆ. ಅಡುಗೆಮನೆಯ ಬಾಗಿಲ ಹಿಂದೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. "ಸದ್ದು ಮಾಡ್ಬ್ಯಾಡ ಕಣಮ್ಮಿ. ಮಧ್ಯಾನದಿಂದ ಒಡೀತಾವ್ರ" ಎಂದು ಪಿಸುಗುಟ್ಟಿದರು. ಇಬ್ಬರೂ ಶೆಡ್ಡಿನ ಕಡೆಯ ಕಿಂಡಿಯಲ್ಲಿ ನೋಡಿದೆವು. ಮಾವ ಸ್ಟೂಲಿನ ಮೇಲೆ ಕೂತಿದ್ದರು; ಜೀವನದಲ್ಲಿ ಮೊದಲ ಸಲ ನೆಲ ಬಿಟ್ಟು ಮೇಲೆ. ಮಂಚದ ಪಟ್ಟಿಯನ್ನು ಒಂದು ಕ್ಲಾಂಪು ಬೆಂಚಿಗೆ ಕಚ್ಚಿ ಹಿಡಿದಿತ್ತು. ಉಳಿಯನ್ನು ಅದರ ಜಾಗದಲ್ಲಿ ನಿಲ್ಲಿಸಿ ಎಡಗೈಯ ಮಡಚಿದ ಬೆರಳುಗಳ ನಡುವೆ ಸಿಕ್ಕಿಸಿದ್ದರು. ಆ ದಿನ ನಮ್ಮ ಮನೆಯಲ್ಲಿ ಕತ್ತಲಾಗುವವರೆಗೂ ಕಾಫಿ ಆಗಲಿಲ್ಲ.

ಬೆಣೆಯ ಕ್ಲಾಂಪುಗಳನ್ನು ನಾನು ಮಾಡಿದೆ, ಸುಕುಮಾರನ್ ಹೇಳಿದಂತೆ. ಹಳೆಯ ಚಾವಣಿಯ ರೀಪರು ಪಟ್ಟಿಗಳಿಂದ. ಮೊದಲನೆಯದನ್ನು ನೋಡಿ ಮಾವ, "ಇದು ಏನ್ನ ಇಡ್ಯಾಕ?" ಎಂದು ಕೇಳಿದರು. ಎಂಟನೆಯದನ್ನು ನೋಡಿ ಏನೂ ಹೇಳಲಿಲ್ಲ. ಅವರಿಂದ ಏನೂ ಹೇಳಿಸಿಕೊಳ್ಳದಿರುವುದು ದೊಡ್ಡದೆಂದು ಆಗಲೇ ತಿಳಿದಿತ್ತು.

ತಲೆಯ ಕಡೆಯ ದೊಡ್ಡ ಹಲಗೆಯನ್ನು ಅಂಟಿಸುವ ದಿನ ಬಂತು. ಐದು ತೇಗದ ಹಲಗೆಗಳನ್ನು ಮಗ್ಗುಲಿಗೆ ಮಗ್ಗುಲು ಕೂರಿಸಿ ಒಂದು ಮಾಡಬೇಕು. ಗೋಂದು ಹಚ್ಚಿದ ಮೇಲೆ ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಆಮೇಲೆ ತಪ್ಪು ತಿದ್ದಲು ಬೇರೆ ಮರವಿಲ್ಲ; ಮಾದಪ್ಪನವರ ಬದುವಿನಲ್ಲಿ ಇದ್ದದ್ದೇ ಆ ಒಂದು ಮರ. ನಾನು ಗೋಂದು ಹಚ್ಚಿದೆ, ನಡುವೆ ಅಗಲ ಸಂದಿರುವ ಆ ಬೆಂಚಿನ ಮೇಲೆ ಹಲಗೆ ಜೋಡಿಸಿದೆ, ಮೇಲಿನಿಂದ ಎರಡು ಕ್ಲಾಂಪುಗಳನ್ನೂ ಹಾಕಿ ತಿರುಪಿದೆ. ಹೆದರಿಕೆಗೆ ಇನ್ನೂ ತಿರುಪಿದೆ. ಹಲಗೆಗಳು ನಡುವೆ ಮೆಲ್ಲಗೆ ಎದ್ದು ಗುಡಿಸಲಿನ ಮಾಡಿನಂತಾದವು.

"ಬುಡು! ತಿರುಪ ಬುಡು!" ಮಾವ ಕೂಗಿದರು. "ಎರಡೂವ ಒಂದೇ ಕಡ ಯಾಕ ಆಕ್ದೆ? ಒಂದ ಕೆಳಕ್ಕಾಕು. ಮೇಲೊಂದು, ಕೆಳಗೊಂದು!"

ನಾನು ಬಿಟ್ಟೆ. ಒಂದನ್ನು ಕೆಳಗಿನಿಂದ ಹಾಕಿದೆ, ಗೋಂದಿಗೆ ಬೆರಳು ಜಾರುತ್ತಿತ್ತು, ಕೆಳಗಿನ ಕ್ಲಾಂಪಿನ ಹಿಡಿ ಸಿಗಲಿಲ್ಲ. ಮಾವ ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತು, ಹಾಗೇ ಮಗ್ಗುಲಾಗಿ ಬೆಂಚಿನ ಕೆಳಗೆ ಸರಿದರು. ಅವರು ಕೆಳಗಿನಿಂದ ಬಲಗೈಯಲ್ಲಿ ತಿರುಪಿದರು, ನಾನು ಮೇಲಿನಿಂದ ತಿರುಪಿದೆ. "ಅರ್ಧ ಸುತ್ತು ನೀನು. ಅರ್ಧ ಸುತ್ತು ನಾನು. ನಿಧಾನುಕ್ಕ." ಹಲಗೆ ಚಪ್ಪಟೆಯಾಯಿತು. ಬೆಣೆಗಳನ್ನು ಬಡಿದೆ. ಐದು ಸಂದುಗಳ ಉದ್ದಕ್ಕೂ ಗೋಂದಿನ ಸಣ್ಣ ಸಣ್ಣ ಹನಿ, ಸಮನಾಗಿ. ಅಲ್ಲ, ನಾಲ್ಕು ಸಂದು. ಐದು ಹಲಗೆಗೆ ನಾಲ್ಕೇ. ಗಣಿತವನ್ನೂ ನಾನೇ ಕಲಿಸುತ್ತಿದ್ದೆ.

ಬೆಂಚಿನ ಕೆಳಗಿಂದ ಮಾವ ಬಹಳ ಹೊತ್ತು ಏಳಲಿಲ್ಲ. ಬಗ್ಗಿ ನೋಡಿದರೆ ಕೆಲಸವನ್ನು ನೋಡುತ್ತ ಮಲಗಿದ್ದರು. "ಏಳ್ಸು. ಒಬ್ನೇ ಏಳಕ್ಕಾಗಕ್ಕಿಲ್ಲ" ಎಂದರು. ಲಕ್ವ ಹೊಡೆದ ಮೇಲೆ ಅವರು ಬಾಯಿಬಿಟ್ಟು ಸಹಾಯ ಕೇಳಿದ್ದು ಅದೇ ಮೊದಲು.

ಮದುವೆಗೆ ವಾರವಿರುವಾಗ ಮಾದಪ್ಪನವರು ಟ್ರಾಕ್ಟರು ತಂದರು. ಮಂಚವನ್ನು ತಟ್ಟಿದರು, ಅಲ್ಲಾಡಿಸಿದರು, ಹತ್ತಿ ಕೂತರು. ಮೆಚ್ಚಿ ಎದ್ದಾಗ ಮಾವ ಕೋಲಿನಿಂದ ಹಿಂದಿನ ಕಾಲೊಂದನ್ನು ತೋರಿಸಿ, "ಇಲ್ಲಿ ಒಂದು ಕೂದ್ಲು ಸಂದದ. ನೋಡ್ಕಂಡು ತಗಂಡೋಗಿ" ಎಂದರು.

ಆ ಸಂದು ನನ್ನದು. ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಮಾದಪ್ಪನವರು, "ಮದ್ವ ಮನಲಿ ಯಾರು ಬಗ್ಗಿ ನೋಡರು ಬುಡಿ ಆಚಾರ್ರೇ. ಕೈ ಇಂಗಿದ್ರೂ ಒಬ್ರೇ ಇಷ್ಟ ಮಾಡಿದ್ದೀರಲ್ಲ" ಎಂದರು.

"ಒಬ್ನೇ ಮಾಡ್ಲಿಲ್ಲ" ಎಂದರು ಮಾವ. "ಇಬ್ರು ಮಾಡುದ್ವಿ."

ಆಮೇಲೆ ಮಾವ ಏಳು ವರ್ಷ ಕೆಲಸ ಮಾಡಿದರು. ನನಗೆ ಭಾನುವಾರ ರಜೆಯಿಲ್ಲವಾಯಿತು. ಕಡೆಗೊಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಒಪ್ಪಿಕೊಂಡಿದ್ದ ಎರಡು ಬಾಗಿಲುಗಳು ಬಾಕಿಯಿದ್ದವು. ತಿಥಿ ಕಳೆದ ಮೇಲೆ ಶೆಡ್ಡಿಗೆ ಹೋಗಿ ನಾನೇ ಮುಗಿಸಿದೆ. ಮರ ವಾಪಸ್ಸು ಕೇಳಿಕೊಂಡು ಯಾರೂ ಬರಲಿಲ್ಲ.

ನಿನ್ನೆ ಬ್ಯಾಂಕಿಗೆ ಹೋಗಿದ್ದೆ. ಹೊಸದಾಗಿ ಫಾರಂ ತುಂಬಿಕೊಡಬೇಕೆಂದರು. ವೃತ್ತಿ ಎಂಬ ಜಾಗದಲ್ಲಿ ಇಷ್ಟು ವರ್ಷ ಶಿಕ್ಷಕಿ ಎಂದೂ, ಈಚೆಗೆ ನಿವೃತ್ತ ಶಿಕ್ಷಕಿ ಎಂದೂ ಬರೆಯುತ್ತಿದ್ದವಳು, ಪೆನ್ನು ಹಿಡಿದು ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಮರಗೆಲಸ ಎಂದೂ ಬರೆದೆ. ಕೌಂಟರಿನ ಹುಡುಗಿ ಓದಿ, "ಮೇಡಂ, ಇದು ನಿಮ್ಮ ವೃತ್ತಿ ಬರೆಯೋ ಜಾಗ. ಯಜಮಾನ್ರದ್ದು ಬೇಡ" ಎಂದಳು.

"ಯಜಮಾನ್ರು ಲೈನ್‌ಮನ್ ಆಗಿದ್ರು ಕಣಮ್ಮ. ಇದು ನಂದೇ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೌಂಟರಿನ ಮೇಲಿದ್ದ ನನ್ನ ಕೈ ನೋಡಿದಳು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಫಾರಮ್ಮಿಗೆ ಮುದ್ರೆ ಒತ್ತಿದಳು.