ಗಾಡಿಬಣ್ಣದ ರೇಡಿಯೋ

೧೯೯೮ರಲ್ಲಿ ನಾನು ಸಕಲೇಶಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಅಷ್ಟು ಹೊತ್ತಿಗೆ ಜನ ಟೀವಿ, ಟೇಪ್‌ರೆಕಾರ್ಡರುಗಳನ್ನು ಹೊತ್ತು ತರುತ್ತಿದ್ದರು. ವಾಲ್ವ್ ರೇಡಿಯೋ ಬರುವುದು ವರ್ಷಕ್ಕೆ ಒಂದೋ ಎರಡೋ. ಬಂದ ದಿನ ನಾನು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಈಗಿನವರಿಗಾಗಿ ಹೇಳುತ್ತೇನೆ: ವಾಲ್ವ್ ಎಂದರೆ ಒಳಗಿನ ಗಾಳಿ ತೆಗೆದ ಗಾಜಿನ ಬುರುಡೆ. ಅದರೊಳಗಿನ ತಂತಿ ಕಾದು ಕೆಂಪಾಗುವವರೆಗೆ ರೇಡಿಯೋ ಬಾಯಿ ಬಿಡುವುದಿಲ್ಲ. ಗುಂಡಿ ತಿರುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕಾಯಬೇಕು. ಹಾಗೆ ಕಾಯುವುದರಲ್ಲೇ ನನಗೆ ಈ ಕಸುಬಿನ ಮೇಲೆ ಪ್ರೀತಿ ಹುಟ್ಟಿತ್ತು.

ಆ ಕಾಲದ ಎಷ್ಟೋ ರೇಡಿಯೋಗಳ ಹೊರಪೆಟ್ಟಿಗೆ ಬೇಕಲೈಟಿನದು. ಬೇಕಲೈಟ್ ನಮ್ಮ ಪ್ಲಾಸ್ಟಿಕ್ಕಿನ ಅಜ್ಜ. ಕಲ್ಲಿನಂತೆ ಗಟ್ಟಿ, ಒರೆಸಿದರೆ ಮುಖ ಕಾಣುವಷ್ಟು ಹೊಳಪು, ಆದರೆ ಕೈತಪ್ಪಿ ಬಿದ್ದರೆ ಗಾಜಿನ ಹಾಗೆ ಚೂರು. ಅಂಥ ಚೆಂದದ ವಸ್ತುವಿಗೆ ಪೈಂಟ್ ಬಳಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕೆಲವರಿಗೆ ಮುಖದ ಮೇಲೇ ಬೈದದ್ದೂ ಉಂಟು. ಗಿರಾಕಿಗಳನ್ನು ಬೈದು ಅಂಗಡಿ ನಡೆಸಿದವನು ಈ ಊರಲ್ಲಿ ನಾನೊಬ್ಬನೇ ಇರಬೇಕು.

ಆ ವರ್ಷ ನವರಾತ್ರಿಗೆ ಇನ್ನೂ ಕೆಲವು ವಾರ ಇದ್ದಾಗ ಆಲೂರು ತಾಲೂಕಿನ ಪಾಳ್ಯದ ಕಡೆಯಿಂದ ತಾಯಿ ಮಗ ಬಂದರು. ಮಗ ಕುಮಾರ, ಯಸಳೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ತಾಯಿ ಗೌರಮ್ಮ, ಅರವತ್ತು ದಾಟಿದವರು, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಹಳೇ ಸೀರೆ ಸುತ್ತಿದ ಗಂಟು. ಗಂಟನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎತ್ತಿನಗಾಡಿಯ ಚಕ್ರಕ್ಕೆ ಹಚ್ಚುವ ಹಸಿರು ಪೈಂಟು, ಅಂಚಿಗೆ ಹಳದಿ ಗೆರೆ, ನಾಲ್ಕೂ ಮೂಲೆಗೆ ಕೆಂಪು ಹೂವು. ಒಂದರ ಮೇಲೊಂದು ಎಷ್ಟು ಕೋಟ್ ಕೂತಿತ್ತೆಂದರೆ ಹೂವಿನ ಎಸಳುಗಳು ಉಬ್ಬಿ ನಿಂತಿದ್ದವು.

"ಈ ಬಣ್ಣ ಎಲ್ಲ ತೆಗೆದುಬುಡಿ ಸಾರ್," ಎಂದ ಕುಮಾರ. "ನಮ್ ಎಸ್ಟೇಟ್ ಬಂಗ್ಲೇಲಿ ಇಂಥದ್ದೇ ಐತೆ, ಕಂದು ಬಣ್ಣ, ಫಳಫಳ ಅಂತದೆ. ಆಯುಧಪೂಜೆಗೆ ಇದೂ ಹಂಗೇ ಆಗ್ಬೇಕು. ಅಪ್ಪ ಇದನ್ನ ಕಣ್ಣಂಗೆ ನೋಡ್ಕಂಡವ್ರೆ. ಒಂದ್ಸಲಾನೂ ಕೆಳಕ್ ಬಿದ್ದಿಲ್ಲ."

ಮೆಚ್ಚುವಂಥ ಮಾತು ಆಡುವ ಗಿರಾಕಿ ಸಿಕ್ಕ ಎಂದು ನಾನು ಪೈಂಟ್ ಕರಗಿಸುವ ಥಿನ್ನರ್ ಬಾಟಲಿಗೆ ಕೈ ಹಾಕಿದೆ.

"ದನಿ ಬರಂಗೆ ಮಾಡ್ಕೊಡಿ ಸಾಕು ಅಣ್ಣಯ್ಯ," ಎಂದರು ಗೌರಮ್ಮ. "ಬಣ್ಣದ ತಂಟೆ ಬ್ಯಾಡ."

"ಅವ್ವನೇ ವರ್ಷಾ ವರ್ಷಾ ಹಚ್ಚೋದು ಸಾರ್, ಅದ್ಕೇ ಸಂಕಟ," ಎಂದು ಮಗ ನಕ್ಕು, ಎಸ್ಟೇಟಿಗೆ ಬೇಕಾದ ಸಾಮಾನು ತರಲು ಪೇಟೆಗೆ ಹೋದ. ತಾಯಿ ಬೆಂಚಿನ ತುದಿಯಲ್ಲಿ ಕೂತರು. ಡಾಕ್ಟರು ಮಗುವನ್ನು ಒಳಗೆ ಕರೆದುಕೊಂಡು ಹೋದಾಗ ಹೊರಗೆ ಕೂರುವವರ ಮುಖ ಅವರದ್ದಾಗಿತ್ತು. ಹಳೇ ರೇಡಿಯೋಗೆ ಇಷ್ಟು ಕಂಗಾಲಾಗುವುದೇಕೆ ಎಂದು ನನಗೆ ಅರ್ಥವಾಗಲಿಲ್ಲ.

ಥಿನ್ನರ್ ಮುಟ್ಟಿಸುವ ಮೊದಲು ಷಾಸಿ ಹೊರತೆಗೆಯಬೇಕು. ಷಾಸಿ ಎಂದರೆ ವಾಲ್ವು, ಟ್ರಾನ್ಸ್‌ಫಾರ್ಮರುಗಳೆಲ್ಲ ಕೂತಿರುವ ತಗಡಿನ ತಟ್ಟೆ. ಅದನ್ನು ಎಳೆದಿಟ್ಟು, ಖಾಲಿ ಪೆಟ್ಟಿಗೆಯೊಳಕ್ಕೆ ಟಾರ್ಚ್ ಬಿಟ್ಟೆ. ಹಾಗೇ ನಿಂತುಬಿಟ್ಟೆ.

ಪೆಟ್ಟಿಗೆ ಒಂದು ಪೆಟ್ಟಿಗೆಯೇ ಆಗಿರಲಿಲ್ಲ. ಮುಂಭಾಗವೂ ಒಂದು ಪಕ್ಕವೂ ಎಂದೋ ಚೂರು ಚೂರಾಗಿದ್ದವು. ಚೂರಿಗೆ ಚೂರು ಕೂಡಿಸಿ, ಸಂದಿಗೆಲ್ಲ ಹಲಸಿನ ಮೇಣ ಕಾಯಿಸಿ ಎರೆದು, ಮೇಲೆ ಸೀರೆಯಂಚಿನ ಪಟ್ಟಿಗಳನ್ನು ಒತ್ತಿ ಅಂಟಿಸಲಾಗಿತ್ತು. ಕೆಳಗಿನ ಒಂದು ಮೂಲೆಯಲ್ಲಿ ಚೂರೇ ಇರಲಿಲ್ಲ. ಅಲ್ಲಿ ಹೆಬ್ಬೆರಳಗಲ ಬರೀ ಮೇಣವನ್ನೇ ತಿದ್ದಿ ಮೂಲೆಯ ಗುಂಡು ಆಕಾರ ಕೊಟ್ಟಿದ್ದರು. ಹಲಸಿನ ಮೇಣದಿಂದ ತೂತುಬಿದ್ದ ಕೊಡ ಮುಚ್ಚುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ರೇಡಿಯೋ ಕಟ್ಟಿದ್ದನ್ನು ನೋಡಿರಲಿಲ್ಲ. ಪೆಟ್ಟಿಗೆ ತಿರುಗಿಸಿ ಮುಂಭಾಗದ ಮೇಲೆ ಉಗುರಾಡಿಸಿದೆ. ಎಲ್ಲೂ ತಡೆಯಲಿಲ್ಲ. ಅಂಗಡಿಯಲ್ಲಿ ಸಿಗುವ ಅಂಟುಗಳನ್ನೆಲ್ಲ ಬಳಸಿಯೂ ನಾನು ಕೂಡಿಸಿದ ಒಂದೊಂದು ಬಿರುಕೂ ಹತ್ತಡಿ ದೂರಕ್ಕೆ ಕಾಣುತ್ತಿತ್ತು. ಥಿನ್ನರ್ ಬಾಟಲಿಯ ಮುಚ್ಚಳ ಬಿಗಿದು ದೂರ ಇಟ್ಟೆ. ಥಿನ್ನರ್ ಬಿದ್ದಿದ್ದರೆ ಬಣ್ಣದ ಜೊತೆ ಮೇಣವೂ ಕರಗಿ, ಅಷ್ಟೂ ಮೇಜಿನ ಮೇಲೆ ಕಳಚಿ ಬೀಳುತ್ತಿತ್ತು.

ತಲೆಯೆತ್ತಿದೆ. ಗೌರಮ್ಮ ನನ್ನನ್ನೇ ನೋಡುತ್ತಿದ್ದರು.

"ಯಜಮಾನ್ರಿಗೆ ಗೊತ್ತಿಲ್ಲ ಅಣ್ಣಯ್ಯ," ಎಂದರು.

ಮದುವೆಯಾದ ಹೊಸತರಲ್ಲಿ ಗಂಡ ಮಲ್ಲೇಶಪ್ಪ ಯಾರೋ ಬಿಳಿ ದೊರೆ ಕಾಫಿ ತೋಟದ ಬಂಗಲೆ ಬಿಟ್ಟು ಹೋಗುವಾಗ ಮಾರಿದ ಈ ರೇಡಿಯೋವನ್ನು ಕೊಂಡು ತಂದಿದ್ದರು. ಊರಿಗೆಲ್ಲ ಅದೊಂದೇ. ಯಾರೂ ಮುಟ್ಟಬಾರದು, ಹೆಂಡತಿಯೂ ಸಹ. ಒಂದು ಆಯುಧಪೂಜೆಯ ಹಿಂದಿನ ದಿನ ಅವರು ಗಾಡಿ ಕಟ್ಟಿಕೊಂಡು ಮಗ್ಗೆಯಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದಾಗ ಈಕೆಗೆ ಹಾಡು ಕೇಳುವ ಆಸೆಯಾಯಿತು. ಗುಂಡಿಗೆ ಕೈ ಹಾಕುವಷ್ಟರಲ್ಲಿ ವೈರು ಸೆರಗಿಗೆ ಸಿಕ್ಕಿ, ರೇಡಿಯೋ ಗೂಟದ ಹಲಗೆಯಿಂದ ಕೆಳಕ್ಕೆ ಬಿತ್ತು. ಅದೃಷ್ಟಕ್ಕೆ ಒಳಗಿನ ಬುರುಡೆಗಳು ಒಡೆದಿರಲಿಲ್ಲ. ಅಳುತ್ತಲೇ ಚೂರು ಆಯ್ದು, ಮೇಣ ಕಾಯಿಸಿ ಕೂಡಿಸಿದರು. ಗೆರೆ ಮುಚ್ಚಲು ಗಾಡಿಗೆ ಹಚ್ಚಿ ಮಿಕ್ಕಿದ್ದ ಬಣ್ಣ ಬಳಿದರು.

"ಬಂದ್ರು. ನೋಡುದ್ರು. ಆಯುಧಪೂಜೆಗೆ ಅಂತ ಇದ್ಕೂ ಹಚ್ಚಿದೆ ಅಂದೆ. ಎಲೆಯಡಿಕೆ ಸಂಚಿ ಬಿಚ್ಚಿ ಕಟ್ಟಿ, ಚೆಂದಾಗೈತೆ ಅಂದ್ರು. ಅವತ್ತಿಂದ ಅದೇನಾಯ್ತೋ, ರೇಡಿಯೋ ಹಾಕೋದು ನೀನೇ ಹಾಕು ಅನ್ನೋರು."

ಆದರೆ ವಾಲ್ವಿನ ಕಾವಿಗೆ ಮೇಣ ಮೆತ್ತಗಾಗುತ್ತದೆ. ವರ್ಷ ತಿರುಗುವಷ್ಟರಲ್ಲಿ ಕೂದಲೆಳೆಯಷ್ಟು ಗೆರೆ ಬಾಯಿ ಬಿಡುತ್ತಿತ್ತು. ಆದ್ದರಿಂದ ಪ್ರತಿ ಆಯುಧಪೂಜೆಗೂ ಒಳಗೆ ಹೊಸ ಮೇಣ, ಹೊರಗೆ ಹೊಸ ಬಣ್ಣ. ಮೂವತ್ತು ವರ್ಷಕ್ಕೂ ಮಿಕ್ಕಿ ಹೀಗೇ ನಡೆದಿತ್ತು.

"ಈಗ ಗೊತ್ತಾದ್ರೆ ಬೈತಾರೆ ಅಂತಲ್ಲ," ಎಂದರು. "ಇಷ್ಟ್ ವರ್ಷ ಸುಳ್ಳು ಹೇಳ್ಕಂಡು ಬಂದ್ಲಲ್ಲ ಅಂತಾರೆ. ಅದೊಂದ್ ನಂಗೆ ತಡೆಯಾಕಾಗಲ್ಲ."

ಮಗ ವಾಪಸು ಬಂದಾಗ, "ಇದು ಹಳೇ ಬೇಕಲೈಟು ಕಣಪ್ಪ, ಬಣ್ಣ ತೆಗೆದರೆ ಪೆಟ್ಟಿಗೆ ಉಳಿಯೋದಿಲ್ಲ," ಎಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಮುಖ ಸಣ್ಣದು ಮಾಡಿಕೊಂಡ. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

ಆಮೇಲಿನ ಕೆಲಸ ನನ್ನದು. ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರಿನ ತೆಳು ಎಲೆಗಳ ನಡುವೆ ಅಕ್ಷತೆ ಕಾಳು, ವಿಭೂತಿಯ ಹುಡಿ ಸಿಕ್ಕಿಕೊಂಡಿದ್ದವು. ವರ್ಷಾ ವರ್ಷಾ ಪೂಜೆ ಮಾಡಿಸಿಕೊಂಡೇ ಪಾಪ ಅದರ ಗಂಟಲು ಕಟ್ಟಿತ್ತು. ಕಾಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆದೆ. ಒಣಗಿಹೋಗಿದ್ದ ಬೇರೆ ಕಂಡೆನ್ಸರುಗಳ ಬದಲಿಗೆ ಬೆಂಗಳೂರಿನಿಂದ ಹೊಸವನ್ನು ತರಿಸಿದೆ. ಸತ್ತ ಒಂದು ವಾಲ್ವಿನ ಜಾಗಕ್ಕೆ ನನ್ನ ಹಳೇ ಸಂಗ್ರಹದಿಂದ ಒಂದನ್ನು ಹಾಕಿದೆ. ಹಿಂಬದಿಯ ಗಾಳಿಕಿಂಡಿಗಳನ್ನು ಬಣ್ಣ ಮುಚ್ಚಿಬಿಟ್ಟಿತ್ತು. ದಬ್ಬಳದಿಂದ ಅವನ್ನಷ್ಟೇ ಬಿಡಿಸಿದೆ. ಕಾವು ನೇರವಾಗಿ ಮೇಣಕ್ಕೆ ತಾಗದಂತೆ ವಾಲ್ವಿಗೂ ಗೋಡೆಗೂ ನಡುವೆ ತಗಡಿನ ಮರೆ ಕೂರಿಸಿದೆ. ಆ ಮೇಣವನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕಿಂತ ಚೆನ್ನಾಗಿ ಮಾಡಲು ನನಗೆ ಬರುತ್ತಿರಲಿಲ್ಲ.

ಹಬ್ಬ ಹತ್ತಿರವಾದಾಗ ರೇಡಿಯೋ ಒಯ್ಯಲು ಮಲ್ಲೇಶಪ್ಪನವರು ಒಬ್ಬರೇ ಬಂದರು. ಎತ್ತರದ, ಮಿತಭಾಷಿ ಮನುಷ್ಯ. ಗುಂಡಿ ತಿರುಗಿಸಿದೆ. ಇಬ್ಬರೂ ಕಾದೆವು. ಡಯಲಿನ ಗಾಜು ಮೆಲ್ಲಗೆ ಹಳದಿಯಾಯಿತು, ಒಳಗೆ ವಾಲ್ವುಗಳು ಕೆಂಡದ ಬಣ್ಣಕ್ಕೆ ತಿರುಗಿದವು. ಗೊರಗೊರ ಸದ್ದಿನ ಒಳಗಿನಿಂದ ಒಬ್ಬ ಹೆಂಗಸಿನ ಹಾಡು ಎದ್ದು ಬಂದಾಗ ಆ ಹಸಿರು ಪೆಟ್ಟಿಗೆ ಕೈಗೆ ತಿಳಿಯುವಷ್ಟು ಮಿಡಿಯುತ್ತಿತ್ತು. ಸಾವಿರ ರೇಡಿಯೋ ಕೇಳಿದ ನಾನೂ ಅದರ ಮೇಲಿಂದ ಕೈ ತೆಗೆಯಲಿಲ್ಲ. ಮಲ್ಲೇಶಪ್ಪ ಟೋಪಿ ತೆಗೆದು ಕೂತಿದ್ದರು.

ಹಾಡು ಮುಗಿದ ಮೇಲೆ ಅವರು ಎಲೆಯಡಿಕೆ ಸಂಚಿಯೊಳಕ್ಕೆ ಬೆರಳು ಹಾಕಿ, ಏನನ್ನೋ ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆರಳಗಲದ ಕಂದು ಚೂರು. ಬೇಕಲೈಟು. ಒಂದು ಕಡೆ ಗುಂಡಗಿನ ಮೂಲೆ. ಅಷ್ಟು ವರ್ಷ ಅಡಿಕೆಯ ಜೊತೆ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು.

"ಅವತ್ತೇ ಸಿಕ್ತು, ಒರಳುಕಲ್ಲಿನ ಸಂದೀಲಿ," ಎಂದರು. "ಮುಟ್ಬ್ಯಾಡ ಅಂದಿದ್ದೋನು ನಾನೇ ಅಲ್ವಾ ಸ್ವಾಮಿ. ಅವ್ಳು ನಡುಗ್ತಾ ನಿಂತಿದ್ಲು. ಏನಂತ ಕೇಳಾನ?"

"ಇಷ್ಟು ವರ್ಷ ಹೇಳಲೇ ಇಲ್ವಾ ಯಜಮಾನ್ರೇ?"

"ಗಾಡಿ ಮಾರಿ ಎಷ್ಟೋ ಕಾಲ ಆಯ್ತು. ಬಣ್ಣದ ಡಬ್ಬಿ ಮಾತ್ರ ವರ್ಷಾ ವರ್ಷಾ ತರ್ತಾನೇ ಇವ್ನಿ. ಯಾತಕ್ ತಂದೆ ಅಂತ ಅವ್ಳೂ ಕೇಳಲ್ಲ." ಆಮೇಲೆ ಚೂರನ್ನು ನನ್ನತ್ತ ಸರಿಸಿದರು. "ಅವ್ಳಿಗೆ ಗೊತ್ತಾಗ್ದಂಗೆ ಇದನ್ನ ಅದ್ರ ಜಾಗಕ್ಕೆ ಕೂರ್ಸಾಕ್ ಆಯ್ತದಾ?"

ನಾನು ಚೂರನ್ನು ಕೈಗೆತ್ತಿಕೊಂಡೆ. ಬರೀ ಮೇಣದಲ್ಲಿ ತಿದ್ದಿದ್ದ ಆ ಮೂಲೆ ನನ್ನ ಕಣ್ಣ ಮುಂದೆ ಬಂತು.

"ಜಾಗ ಇಲ್ಲ ಯಜಮಾನ್ರೇ," ಎಂದೆ. "ಅಮ್ಮ ತುಂಬಿಬಿಟ್ಟಿದ್ದಾರೆ."

ಅವರು ಪೆಟ್ಟಿಗೆಯ ಆ ಮೂಲೆಯ ಮೇಲೆ ಬೆರಳಾಡಿಸಿದರು. "ಹಂಗಾರೆ ಇರ್ಲಿ ಬುಡಿ," ಎಂದು ಚೂರನ್ನು ಮತ್ತೆ ಸಂಚಿಗೆ ಹಾಕಿಕೊಂಡು, ರೇಡಿಯೋವನ್ನು ಸೀರೆಯ ಗಂಟಿನಲ್ಲಿ ಕಟ್ಟಿ ಎದೆಗವಚಿಕೊಂಡು ಹಾಸನದ ಬಸ್ಸಿಗೆ ಹೊರಟರು. ಇನ್ನೊಂದು ಕೈಯಲ್ಲಿ ಹಸಿರು ಪೈಂಟಿನ ಪುಟ್ಟ ಡಬ್ಬಿ ಇತ್ತು.

ಎಷ್ಟೋ ವರ್ಷದ ಮೇಲೆ ಅಂಗಡಿಯನ್ನೇ ಮುಚ್ಚಿಬಿಡುವವರೆಗೂ ನಾನು ರಿಪೇರಿ ಮಾಡುತ್ತಲೇ ಇದ್ದೆ. ಹಳೆಯದನ್ನು ಮೊದಲಿದ್ದ ಹಾಗೆ ಮಾಡುವುದೇ ನನ್ನ ಕೆಲಸ ಎಂದು ತಿಳಿದಿದ್ದವನು, ಆಮೇಲೆ ಬಣ್ಣ ಬಳಿದ ರೇಡಿಯೋ ಬಂದಾಗಲೆಲ್ಲ ಥಿನ್ನರ್ ಬಾಟಲಿಯನ್ನು ಅದರ ಜಾಗದಲ್ಲೇ ಬಿಟ್ಟು, ಮೊದಲು ಒಂದು ಮಾತು ಕೇಳುತ್ತಿದ್ದೆ: ಇದಕ್ಕೆ ಬಣ್ಣ ಹಚ್ಚಿದವರು ಯಾರು?